ಮಿಸ್ ಹ್ಯಾನಾ ಹಾಡಿದ ನಾಲ್ಕು ಹಾಡು

"ಕಳ್ಳ ಅನ್ರಿ, ಬೇಕಾದ್ರ ಸುಮ್ನಿರ್ತೇನಿ. ಆದ್ರ ಟೇಪ್ ಕತ್ತರಿಸಿದಾವ ಅನಬ್ಯಾಡ್ರಿ ನನಗ!"

"ಯಾಕ್ರಿ ಮಾಸ್ತರ, ಕಳವು ಮಾಡೂದಕ್ಕಿಂತ ಕತ್ತರಿಸೂದು ದೊಡ್ಡ ಪಾಪೇನು?"

"ಹೌದ್ರಿ, ದೊಡ್ಡದ! ಅರವತ್ತು ಎಪ್ಪತ್ತು ವರ್ಷದ ಟೇಪಿಗೆ ಕತ್ತರಿ ಹಾಕಾವ ಕೂಸಿನ ಬೆರಳಿಗೂ ಹಾಕ್ತಾನ!"

"ಹಂಗಾದ್ರ ನೀವು ತಿರುಗಿ ಕೊಟ್ಟಾಗ ಸುರುಳಿ ಅರ್ಧ ಆಗಿತ್ತಲ್ಲ, ಇಲಿ ತಿಂತೇನು?"

"ನನಗ ಕೊಟ್ಟಾಗನ ಅಷ್ಟಿತ್ತು ಅಂತ ಎಷ್ಟು ಸಲ ಹೇಳ್ಬೇಕ್ರಿ? ಪೊಲೀಸರ ಕಿವಿಗೆ ಒಮ್ಮೆ ಹೇಳಿದ್ರ ಮುಟ್ಟಂಗಿಲ್ಲೇನು?"

"ಮುಟ್ಟತೈತಿ. ನಂಬಿಗಿ ಬರಂಗಿಲ್ಲ, ಅಷ್ಟ."

ಬಾದಾಮಿಯ ಜಾಫರಸಾಬನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಅಮಾತೆಪ್ಪನೂ ಮಾಸ್ತರನೂ ನಿಂತೇ ಕೂಗಾಡುತ್ತಿದ್ದರು. ಕೂರಲು ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಜಾಫರಸಾಬ ಕುಳಿತಿದ್ದ. ಸುತ್ತ ಹೊಟ್ಟೆ ಬಗೆದ ರೇಡಿಯೊಗಳು, ಮಿಕ್ಸರುಗಳು, ಎಂದೋ ಸತ್ತ ಟೀವಿಗಳು. ಗಿರಾಕಿಗಳ ಜಗಳ ಕೇಳಿ ಕೇಳಿ ಸಾಕಾದ ಮುದುಕ ತಲೆ ಎತ್ತದೆ ತನ್ನ ಮುಂದಿದ್ದ, ಟೇಪಿನ ಸುರುಳಿ ಹಾಡಿಸುವ ಸ್ಪೂಲ್ ಮಶೀನಿನ ಧೂಳು ಒರೆಸುತ್ತಿದ್ದ.

ಅಮಾತೆಪ್ಪನಿಗೆ ಸಿಟ್ಟು ಬಂದಿದೆಯೋ ದಣಿವಾಗಿದೆಯೋ ಅವನಿಗೇ ತಿಳಿಯಲಿಲ್ಲ. ಹುನಗುಂದ ಠಾಣೆಯಲ್ಲಿ ಎಎಸ್‌ಐ ಆಗಿ ನಿವೃತ್ತನಾಗಿ ಹದಿನಾಲ್ಕು ತಿಂಗಳಾಗಿತ್ತು. ಮೊಣಕಾಲು ಹೋಗಿತ್ತು, ಸಕ್ಕರೆ ಕಾಯಿಲೆ ಬಂದಿತ್ತು. ಇನ್ನಾದರೂ ಸುಳ್ಳು ಹೇಳುವವರ ಮುಖ ನೋಡುವುದು ತಪ್ಪಿತು ಎಂದುಕೊಂಡವನಿಗೆ ಅದೂ ತಪ್ಪಲಿಲ್ಲ. ಇಳಕಲ್ಲಿನ ಗುರುಲಿಂಗವ್ವ ತಗಡಿನ ಡಬ್ಬಿ ಹಿಡಿದು ಅವನ ಮನೆ ಬಾಗಿಲಿಗೆ ಬಂದಿದ್ದಳು. ಠಾಣೆಯವರು ನಕ್ಕು ಕಳಿಸಿದ್ದರಂತೆ.

ಡಬ್ಬಿಯಲ್ಲಿ ಒಂದು ಟೇಪಿನ ಸುರುಳಿ. ಮುಚ್ಚಳದ ಮೇಲೆ ನೀಲಿ ಶಾಯಿಯಲ್ಲಿ 'ಮಿಸ್ ಹ್ಯಾನಾ, ನಾಲ್ಕು ಹಾಡು, ಮುಂಬೈ, ೧೯೫೬' ಎಂದು ಬರೆದಿತ್ತು. ಮಿಸ್ ಹ್ಯಾನಾ ಎಂದರೆ ಇಳಕಲ್ಲಿನ ನೇಕಾರರ ಮನೆಯ ಹನಮವ್ವ. ಮುಂಬೈಯ ದೊಡ್ಡ ಹೋಟೆಲುಗಳಲ್ಲಿ ಜಾಝ್ ಬ್ಯಾಂಡಿನ ಮುಂದೆ ನಿಂತು ಇಂಗ್ಲಿಷ್ ಹಾಡು ಹಾಡಿದವಳು. ಊರಲ್ಲಿ ಅವಳ ಹೆಸರು ಎತ್ತುವವರಿರಲಿಲ್ಲ. ಎತ್ತಿದರೆ ಓಡಿಹೋದವಳು ಎನ್ನುತ್ತಿದ್ದರು. ಬಸುರಿಯಾಗಿ ತಿರುಗಿ ಬಂದು, ಹೆತ್ತು, ಮಗಳಿಗೆ ಮೂರು ವರ್ಷವಾದಾಗ ಮತ್ತೆ ಮುಂಬೈಗೆ ಹೋಗಿ ಅಲ್ಲೇ ಸತ್ತಳಂತೆ. ಆ ಮಗಳೇ ಗುರುಲಿಂಗವ್ವ. ಟೇಪು ಅವ್ವನ ಟ್ರಂಕಿನಲ್ಲಿ ಬಂದದ್ದು ಎಂದು ಸೋದರಮಾವ ಆಕೆಗೆ ಹೇಳಿದ್ದ.

ಆಕೆಗೆ ಈಗ ಅರವತ್ತೈದು. ಇಪ್ಪತ್ತು ವರ್ಷ ಪಾವರ್‌ಲೂಮಿನ ಗದ್ದಲದಲ್ಲಿ ದುಡಿದು ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಈ ವರ್ಷ ದಾಟುವುದಿಲ್ಲ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಕಿವಿಗೆ ಮಶೀನು ಹಾಕಿದರೆ ಗದ್ದಲ ಕೇಳುತ್ತದೆ, ದನಿ ಕೇಳುವುದಿಲ್ಲ.

"ಸಾಹೇಬ್ರ, ನಮ್ಮವ್ವನ ದನಿ ನಾ ಕೇಳಿಲ್ರಿ. ಕೇಳಿದ್ರೂ ನೆನಪಿಲ್ಲ. ಈ ಕಿವಿ ಹೋಗೂದ್ರಾಗ ಒಂದ ಸಲ ಕೇಳ್ಸಿಬಿಡ್ರಿ" ಎಂದಿದ್ದಳು. ಅಮಾತೆಪ್ಪ ಆಗಲಿ ಅಂದುಬಿಟ್ಟಿದ್ದ. ಹಾಗೆ ಅಂದದ್ದಕ್ಕೆ ಈಗ ಬಾದಾಮಿಯ ಬಿಸಿಲಲ್ಲಿ ಒಬ್ಬ ಮಾಸ್ತರನ ಬಾಯಿಂದ ಬೈಸಿಕೊಳ್ಳುತ್ತಿದ್ದ.

ಮಾಸ್ತರ ಎಂದರೆ ಚೇತನಕುಮಾರ, ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರ ಅಧ್ಯಾಪಕ. ಹಳೆಯ ರೆಕಾರ್ಡು, ಟೇಪು ಕೂಡಿಹಾಕುವ ಹುಚ್ಚಿನವನು. ಗುರುಲಿಂಗವ್ವನ ಮನೆಯಿಂದ ಕೇಳಿಸಿಕೊಡಲು ಒಯ್ದ ಟೇಪನ್ನು ತಿಂಗಳು ಇಟ್ಟುಕೊಂಡು, ಇದು ಹಾಳಾಗಿದೆ, ಬಾವಿಯೊಳಗಿಂದ ಯಾರೋ ಗುಣುಗಿದಂತೆ ಕೇಳುತ್ತದೆ ಎಂದು ತಿರುಗಿ ತಂದುಕೊಟ್ಟಿದ್ದ. ಆಗ ಡಬ್ಬಿ ಬಿಚ್ಚಿದ ಗುರುಲಿಂಗವ್ವನ ಕಣ್ಣಿಗೆ ಮೊದಲು ಬಿದ್ದದ್ದು ತೆಳ್ಳಗಾದ ಸುರುಳಿ. ನೂಲು ಸುತ್ತಿ ಬೆಳೆದ ಹೆಂಗಸು. ದಸರೆಯಲ್ಲಿ ನೋಡಿದಾಗ ಎಷ್ಟು ದಪ್ಪ ಇತ್ತು, ಈಗ ಎಷ್ಟಿದೆ ಎಂದು ಆಕೆಗೆ ಯಾರೂ ಅಳೆದು ತೋರಿಸಬೇಕಾಗಿರಲಿಲ್ಲ.

"ಮುಗೀತೇನ್ರಿ ನಿಮ್ಮ ಕುಸ್ತಿ?" ಎಂದ ಜಾಫರಸಾಬ. "ಮುಗದಿದ್ರ ಇಲ್ಲಿ ಬರ್ರಿ."

ಇಬ್ಬರೂ ಬಾಗಿದರು. ಮುದುಕ ಟೇಪಿನ ತುದಿಯನ್ನು ಬೆಳಕಿಗೆ ಹಿಡಿದ.

"ಇದಕ್ಕ ಎರಡು ಮೈ ಇರ್ತಾವು. ಒಂದು ಮಿಂಚತೈತಿ, ಇನ್ನೊಂದು ಮಂಕು. ದನಿ ಇರೂದು ಮಂಕು ಮೈಯಾಗ. ಅದು ಮಶೀನಿನ ತಲಿಗೆ ಹತ್ತಬೇಕು. ಇಲ್ಲಿ ನೋಡ್ರಿ, ಮಿಂಚೂ ಮೈ ಹತ್ತತೈತಿ. ಬುಡದಿಂದ ತುದಿ ತನಕ ಮೈ ತಿರುವಿ ಸುತ್ಯಾರ."

ಚೇತನಕುಮಾರನ ಬಾಯಿ ತೆರೆದೇ ಉಳಿಯಿತು. "ಅಂದ್ರ ಟೇಪ್ ಹಾಳಾಗಿಲ್ಲ?"

"ಟೇಪ್ ಹಾಳಾಗಿಲ್ಲ. ನಿಮ್ಮ ಕಣ್ಣು ಹಾಳಾಗ್ಯಾವು. ಮನಿ ತುಂಬ ಟೇಪ್ ಇಟಗೊಂಡೀರಿ, ಮೈ ಯಾವ್ದು ಬೆನ್ನು ಯಾವ್ದು ಗೊತ್ತಾಗಂಗಿಲ್ಲ!"

ಮಾಸ್ತರನ ಮುಖ ಕೆಂಪಾಯಿತು. ಅಮಾತೆಪ್ಪನಿಗೆ ಬೆಳಗಿನಿಂದ ಮೊದಲ ಸಲ ಸ್ವಲ್ಪ ಹಿತವಾಯಿತು.

"ಮಶೀನು ಹಿಂಗ ಸುತ್ತೂದಿಲ್ಲ" ಎಂದ ಜಾಫರಸಾಬ. "ಪೂರಾ ಬಿಚ್ಚಿ ರಾಶಿ ಹಾಕಿ, ಆಮ್ಯಾಲೆ ಯಾರೋ ಕೈಲೆ ಸುತ್ಯಾರ. ಮತ್ತ ಇದೇನು ನೋಡ್ರಿ."

ಚಿಮಟದ ತುದಿಯಲ್ಲಿ ಕೂದಲಿನಷ್ಟು ಸಣ್ಣ ಕೆಂಪು ಎಳೆ. ಒಂದಲ್ಲ, ಸುರುಳಿ ಬಿಚ್ಚಿದಷ್ಟೂ ಪದರಗಳ ನಡುವೆ ಸಿಗುತ್ತಿದ್ದವು.

ಅಮಾತೆಪ್ಪ ಏಳೆಂಟು ಎಳೆ ಕೂಡಿಸಿ ಹೊಸೆದು, ಕಡ್ಡಿ ಗೀರಿ ಹಿಡಿದ. ಎಳೆ ಉರಿದು ಬೂದಿಯಾಗಲಿಲ್ಲ. ಮುದುಡಿ, ಕರಗಿ, ಸಾಸಿವೆಯಂಥ ಕರಿ ಗುಂಡಾಯಿತು.

"ಪಾಲಿಸ್ಟರ್" ಎಂದ. "ಹತ್ತಿ ಅಲ್ಲ, ರೇಷ್ಮಿ ಅಲ್ಲ. ಹನಮವ್ವನ ಕಾಲಕ್ಕ ಇಳಕಲ್ಲಿನ್ಯಾಗ ಇದು ಎಲ್ಲಿತ್ತು? ಇದನ್ನ ಸುತ್ತಿದ್ದು ಇತ್ತಿತ್ತಲಾಗ. ನೂಲು ಸುತ್ತೂ ರಾಟಿ ಮ್ಯಾಲೆ." ಮಾಸ್ತರನ ಕಡೆ ತಿರುಗಿದ. "ನಿಮ್ಮ ಮನ್ಯಾಗ ರಾಟಿ ಐತೇನ್ರಿ?"

"ನಮ್ಮ ಮನ್ಯಾಗ ಸೂಜಿ ದಾರಾ ಸುದ್ದಾ ಇಲ್ರಿ. ಗುಂಡಿ ಹರದ್ರ ಟೇಲರ್ ಕಡೆ ಹೋಗ್ತೇನಿ."

"ಹಂಗಾದ್ರ ನಾ ಅಂದದ್ದು ಬಿಟ್ಟಬಿಡ್ರಿ."

"ಇಷ್ಟೇನು? ಒಂದ ಮಾತು, ತಪ್ಪಾತು ಅಂತ..."

"ಬಿಟ್ಟಬಿಡ್ರಿ ಅಂದ್ನಲ್ಲ."

ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಅಮಾತೆಪ್ಪ ಇದಕ್ಕಿಂತ ದೊಡ್ಡ ಕ್ಷಮೆ ಯಾರಲ್ಲೂ ಕೇಳಿರಲಿಲ್ಲ.

ಜಾಫರಸಾಬ ಸುರುಳಿಯ ಹೊರತುದಿ ತೋರಿಸಿದ. ಸುರುಳಿಯ ಒಳಗೆ, ಬುಡದಲ್ಲಿ, ಟೇಪು ಮುಗಿಯುವಲ್ಲಿ ಹಚ್ಚುವ ಕೆಂಪು ಪಟ್ಟಿ ಹಾಗೇ ಇತ್ತು. ಹೊರಗೆ, ಟೇಪು ಶುರುವಾಗುವಲ್ಲಿ ಇರಬೇಕಾದ ಬಿಳಿ ಪಟ್ಟಿ ಇರಲಿಲ್ಲ. ತುದಿ ಓರೆಯಾಗಿ ಕತ್ತರಿಸಿತ್ತು.

"ಮೊದಲಿನ ಭಾಗ ಹೋಗೈತಿ. ಅಳತಿ ನೋಡಿದ್ರ ಎರಡು ಹಾಡು ಹಿಡಿಯೂವಷ್ಟು" ಎಂದ.

"ಮೊದಲಿಂದು ಯಾಕ ಕತ್ತರಿಸಿದ್ರು?" ಎಂದ ಅಮಾತೆಪ್ಪ. ಮಾರುವವನಾಗಿದ್ದರೆ ಪೂರಾ ಒಯ್ಯುತ್ತಿದ್ದ. ಹಾಳು ಮಾಡುವವನಾಗಿದ್ದರೆ ಪೂರಾ ಸುಡುತ್ತಿದ್ದ. ಅರ್ಧ ಕತ್ತರಿಸಿ, ಉಳಿದರ್ಧವನ್ನು ಅಷ್ಟು ಜೋಪಾನವಾಗಿ ಸುತ್ತಿಟ್ಟವನು ಎಂಥವನು?

ಜಾಫರಸಾಬ ಟೇಪಿನ ಮೈ ಸರಿಮಾಡಿ ಇನ್ನೊಂದು ಸುರುಳಿಗೆ ಸುತ್ತಿ, ತಿರುಗಿ ಇದಕ್ಕೆ ಸುತ್ತಿ, ಗುಂಡಿ ಒತ್ತಿದ. ಒಂದು ಸ್ಯಾಕ್ಸೊಫೋನು ಮೆಲ್ಲಗೆ ಎದ್ದಿತು, ಹಿಂದೆ ಡ್ರಮ್ಮಿನ ಮೇಲೆ ಯಾರೋ ಕಸಬರಿಗೆ ಆಡಿಸಿದಂಥ ಸದ್ದು. ಹೆಣ್ಣಿನ ಉಸಿರು ಕೇಳಿತು. ಮುದುಕ ಪಟಕ್ಕನೆ ಮಶೀನು ನಿಲ್ಲಿಸಿದ.

"ಮೊದಲ ಆಕಿ ಕೇಳ್ಲಿ" ಎಂದ.

ಮಾಸ್ತರನ ಕಾರಿನಲ್ಲಿ ಮಶೀನು ಹೇರಿಕೊಂಡು ಗುಳೇದಗುಡ್ಡ, ಕಮತಗಿ, ಅಮೀನಗಡ ದಾಟಿ ಇಳಕಲ್ಲಿಗೆ ಹೊರಟರು. ಹುನಗುಂದದಲ್ಲಿ ತನ್ನ ಹಳೆಯ ಠಾಣೆ ಬಂದಾಗ ಅಮಾತೆಪ್ಪ ಇನ್ನೊಂದು ಕಡೆ ಮುಖ ಮಾಡಿದ. ಮೊಣಕಾಲು ಸಿಡಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಜಾಫರಸಾಬ ಮಶೀನನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಮಾಸ್ತರನನ್ನು ಬೈಯುತ್ತಿದ್ದ.

"ಆ ಡಬ್ಬಿ ನಿಮ್ಮ ಕೈಗೆ ಕೊಟ್ಟಾವರು ಯಾರ್ರಿ? ಗುರುಲಿಂಗವ್ವನೇನು?" ಎಂದು ಅಮಾತೆಪ್ಪ ಕೇಳಿದ.

"ಇಲ್ರಿ. ಆಕಿ ಸೋದರಮಾವ, ಹುಲ್ಲಪ್ಪಜ್ಜ. ಅರಿವ್ಯಾಗ ಗಂಟು ಕಟ್ಟಿ ಇಟ್ಟಿದ್ದ. ದಾರ್ಯಾಗ ಬಿಚ್ಚಬ್ಯಾಡ್ರಿ, ಧೂಳು ಹತ್ತತೈತಿ ಅಂದ."

ಅಮಾತೆಪ್ಪ ಕಣ್ಣು ಮುಚ್ಚಿಕೊಂಡ. ಈ ಕಸುಬಿನಲ್ಲಿ ಅವನಿಗೆ ಎಂದೂ ಬೇಡವಾದದ್ದು ಇದೇ. ಹುಡುಕುತ್ತ ಹೋದರೆ ಕೊನೆಗೆ ಮನೆಯವರ ಕೈಯೇ ಸಿಗುವುದು.

ಹುಲ್ಲಪ್ಪ ಹನಮವ್ವನ ತಮ್ಮ, ಆಕೆಗಿಂತ ಆರು ವರ್ಷ ಚಿಕ್ಕವನು. ಎಂಬತ್ತೇಳು ವರ್ಷ. ತಾಯಿಯಿಲ್ಲದ ಕೂಸನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ಲಗ್ನ ಮಾಡಿಕೊಟ್ಟ, ಗಂಡ ತೀರಿದ ಮೇಲೆ ಅಳಿಸದೆ ಮನೆಗೆ ಕರೆತಂದ. ಇಬ್ಬರೂ ಈಗ ಒಂದೇ ಸೂರಿನಡಿ ಇದ್ದರು. ಓಣಿ ತುಂಬ ಪಾವರ್‌ಲೂಮ್ ಬಂದರೂ ಅವನು ನೆಲದಲ್ಲಿ ಗುಂಡಿ ತೋಡಿ ಹೂಡಿದ ಕುಣಿಮಗ್ಗ ಬಿಟ್ಟಿರಲಿಲ್ಲ. ವಾರಕ್ಕೊಂದು ಸೀರೆಯೂ ಆಗುತ್ತಿರಲಿಲ್ಲ, ಆದರೂ ದಿನಾ ಇಳಿದು ಕೂರುತ್ತಿದ್ದ.

ಅವರು ಒಳಗೆ ಹೋದಾಗಲೂ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಪಕ್ಕದಲ್ಲಿ ರಾಟಿ. ರಾಟಿಯ ಮೇಲೆ ಕೆಂಪು ಪಾಲಿಸ್ಟರ್.

"ಬರ್ರಿ, ಬರ್ರಿ" ಎಂದು ಗುರುಲಿಂಗವ್ವ ಓಡಾಡಿದಳು. ಮಶೀನು ಕಂಡದ್ದೇ ಮುಖ ಅರಳಿತು. ಚಾಪೆ ಹಾಸಿ, ಮಶೀನಿನ ಮಗ್ಗುಲಿಗೆ, ಬಲಗಿವಿ ಅದಕ್ಕೆ ಹತ್ತುವಂತೆ ಕುಳಿತೇಬಿಟ್ಟಳು. ಜಾಫರಸಾಬ ತಂತಿ ಜೋಡಿಸತೊಡಗಿದ.

ಅಮಾತೆಪ್ಪ ಮಗ್ಗದ ದಂಡೆಯಲ್ಲಿ ಕಷ್ಟಪಟ್ಟು ಕುಳಿತ. ಮುದುಕನ ಹೊಟ್ಟೆಯ ಮುಂದೆ ನೇಯ್ದ ಸೀರೆ ಮರದ ದಿಂಡಿಗೆ ಸುತ್ತಿಕೊಂಡಿತ್ತು. ಅದನ್ನೇ ನೋಡುತ್ತ ಕುಳಿತ. ನೋಡುತ್ತಿದ್ದಂತೆ ಬೆಳಗಿನಿಂದ ತಲೆಯಲ್ಲಿ ಸಿಕ್ಕು ಬಿದ್ದದ್ದು ತಾನಾಗಿ ಬಿಚ್ಚಿಕೊಂಡಿತು. ಬಿಚ್ಚಿಕೊಂಡದ್ದಕ್ಕೆ ಸಂತೋಷವಾಗಲಿಲ್ಲ.

"ಅಜ್ಜಾರ" ಎಂದ, "ಮೊದಲ ನೇಯ್ದದ್ದು ಈ ದಿಂಡಿನ್ಯಾಗ ಎಲ್ಲಿರ್ತೈತ್ರಿ?"

"ಒಳಗ." ಹುಲ್ಲಪ್ಪ ಲಾಳಿ ಎಸೆದ.

"ಕಡೀಕ ನೇಯ್ದದ್ದು?"

"ಮ್ಯಾಲ. ಪೊಲೀಸ್ರಿಗೆ ಇದೂ ಗೊತ್ತಿಲ್ಲೇನು?"

"ಗೊತ್ತಿರಲಿಲ್ರಿ. ಅದಕ್ಕ ನೀವು ಮ್ಯಾಲಿನ ತುದಿ ಕತ್ತರಿಸಿದ್ರಿ. ಕಡೀಕ ಇದ್ದದ್ದು ಹೋಗ್ಲಿ ಅಂತ."

ಲಾಳಿ ಆ ಕಡೆಯ ಗೂಡಿಗೆ ಹೋಗಿ ನಿಂತಿತು. ತಿರುಗಿ ಬರಲಿಲ್ಲ.

"ಏನು ಕತ್ತರಿಸಿದೆ?"

"ಟೇಪು. ಮಾಸ್ತರಗ ಕೊಡೂ ಮೊದಲ. ಬಿಚ್ಚಿ ಮೊಳ ಹಾಕಿ ಅಳದ್ರಿ, ರಾಶಿ ಬಿತ್ತು, ಸಿಕ್ಕಾತು. ಕತ್ತರಿಸಿದ್ರಿ. ಉಳಿದಿದ್ದನ್ನ ರಾಟಿ ಮ್ಯಾಲೆ ಸುತ್ತಿದ್ರಿ. ಎಳಿ ಹತ್ಯಾವು ಅಜ್ಜಾರ. ಈ ಕೆಂಪು ಎಳಿ."

ಹುಲ್ಲಪ್ಪ ಅಕ್ಕನ ಮಗಳ ಕಡೆ ನೋಡಿದ. ಆಕೆಯ ಕಿವುಡು ಕಿವಿ ಈ ಕಡೆ ಇತ್ತು. ಮಶೀನಿನ ಚಕ್ರ ನೋಡುತ್ತ ನಗುತ್ತಿದ್ದಳು.

"ಹೌದು" ಎಂದ ಮುದುಕ, ದನಿ ಇಳಿಸಿ. "ಹಾಡು ಇಟ್ಟೇನಿ. ಆಕಿ ಕೇಳೂದು ಹಾಡಲ್ಲೇನು? ಹಾಡು ಕೇಳ್ಲಿ. ಕಡೀಕ ಬರೇ ಮಾತಿತ್ತು. ಮಾತಿಲೆ ಏನಾಗೂದೈತಿ ಈಗ? ಒಲಿಗೆ ಹಾಕಿದೆ."

"ಮಾತಿತ್ತು ಅಂತ ನಿಮಗ ಹೆಂಗ ಗೊತ್ತು? ಡಬ್ಬಿ ಮ್ಯಾಲೆ ನಾಲ್ಕು ಹಾಡು ಅಂತ ಅಷ್ಟ ಐತಿ."

"ತಂದಾವ ಮಶೀನು ಸೈತ ತಂದಿದ್ದ. ಆಗ ಕೇಳೇನಿ."

"ತಂದಾವ? ಹನಮವ್ವನ ಟ್ರಂಕಿನ್ಯಾಗ ಬಂತು ಅಂತ ಹೇಳಿದ್ರಲ್ಲ?"

ಹುಲ್ಲಪ್ಪ ಮಗ್ಗದ ಮೇಲೆ ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕತೊಡಗಿದ. ಅಮಾತೆಪ್ಪ ಠಾಣೆಯಲ್ಲಿದ್ದಾಗ ಇಂಥ ಹೊತ್ತಿನಲ್ಲಿ ಮೇಜು ಗುದ್ದುತ್ತಿದ್ದ. ಇಲ್ಲಿ ಗುದ್ದಲು ಮೇಜೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆದರೂ ಹೇಳಲೇಬೇಕಿತ್ತು.

"ಅಜ್ಜಾರ, ಟೇಪು ಸೀರಿ ಇದ್ದಂಗಲ್ರಿ. ಕೇಳಿದ ಮ್ಯಾಲೆ ಅದನ್ನ ಹಿಂದಕ್ಕ ಸುತ್ತಿ ಇಡ್ತಾರ. ಮೊದಲಿನ ಹಾಡು ಮ್ಯಾಲೆ ಇರ್ತಾವು. ಕಡೀಕ ಬರೂದು ಬುಡದಾಗ ಇರ್ತೈತಿ."

ಮುದುಕನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಎರಡೂ ಕೈ ಮಗ್ಗದ ಮೇಲಿಂದ ಜಾರಿದವು.

"ಹಂಗಾದ್ರ ನಾ ಒಲಿಗೆ ಹಾಕಿದ್ದು..."

"ಹಾಡು. ಎರಡು ಹಾಡು."

"ಅಕ್ಕನ ಹಾಡು?"

"ಹೌದ್ರಿ."

"ಐವತ್ತೈದು ವರ್ಷ ಕಾದೇನಲ್ಲೋ" ಎಂದ ಹುಲ್ಲಪ್ಪ. "ಅವತ್ತ ಎಲ್ಲಾನೂ ಸುಡಬೇಕಿತ್ತು. ಆಕಿ ದನಿ ಐತಿ ಅಂತ ಸುಡಾಕ ಕೈ ಬರಲಿಲ್ಲ. ಪ್ರತಿ ದಸರಾಕ್ಕ ತಗದು ಒರೆಸಿ ಇಟ್ಟೇನಿ. ನನ್ನ ಕೈಲೆ..."

"ಏನಂತಾನ್ರಿ ನಮ್ಮ ಮಾವ?" ಗುರುಲಿಂಗವ್ವ ತಿರುಗಿ ಜೋರಾಗಿ ಕೇಳಿದಳು. "ಯಾಕ ಹಂಗ ಕುಂತಾನ?"

ಕಿವುಡರಿಗೆ ಗುಟ್ಟು ಮೆಲ್ಲಗೆ ಹೇಳಲಾಗುವುದಿಲ್ಲ. ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು. ಅಮಾತೆಪ್ಪ ಕೂಗಲಿಲ್ಲ. "ಹಚ್ಚು" ಎಂದು ಜಾಫರಸಾಬನಿಗೆ ಕೈ ಮಾಡಿದ.

ಸ್ಯಾಕ್ಸೊಫೋನು ಎದ್ದಿತು. ಅದರ ಬೆನ್ನಿಗೆ ಹೆಣ್ಣಿನ ದನಿ. ಎಳೆಯದಲ್ಲ, ತೆಳ್ಳಗಿನದಲ್ಲ. ಬೆಲ್ಲದ ಪಾಕದಂತೆ ದಪ್ಪಗೆ, ತಡವಾಗಿ, ತಾಳ ದಾಟಿದ ಮೇಲೆ ನೆನಪಾದಂತೆ ಬಂದು ಕೂರುವ ದನಿ. ಇಂಗ್ಲಿಷ್ ಮಾತು ಗುರುಲಿಂಗವ್ವನಿಗೆ ಒಂದೂ ತಿಳಿಯಲಿಲ್ಲ. ಕಣ್ಣು ಮುಚ್ಚಿ, ಕಿವಿಯ ಹಿಂದೆ ಅಂಗೈ ಇಟ್ಟು ಕೇಳಿದಳು.

ಎರಡನೆಯ ಹಾಡಿನ ನಡುವೆ ಮಾತು ನಿಂತು ಬರೀ ಸದ್ದು ಶುರುವಾಯಿತು. ಟಕ, ಟಕಟ, ಟಕ. ಡ್ರಮ್ಮು ಅದರ ಹಿಂದೆ ಓಡಿತು.

"ಇದಕ್ಕ ಅರ್ಥ ಇರಂಗಿಲ್ರಿ ಅವ್ವಾರ" ಎಂದು ಚೇತನಕುಮಾರ ಆಕೆಯ ಕಿವಿಯ ಹತ್ತಿರ ಹೇಳಿದ. "ಜಾಝ್‌ದಾಗ ಹಂಗ, ಮನಸಿಗೆ ಬಂದ ಸದ್ದು ಹಾಡ್ತಾರ."

"ಸುಮ್ನಿರ್ರಿ ಮಾಸ್ತರ!" ಎಂದು ಗುರುಲಿಂಗವ್ವ ಗದರಿದಳು. "ಅರ್ಥ ಇಲ್ಲಂತ! ಮಗ್ಗ ಹಾಡಾಕತ್ತಾಳ. ಲಾಳಿ ಹೋಗೂದು, ಬಡಿಯೂದು, ಕಾಲು ತುಳಿಯೂದು. ಕೇಳ್ಸಂಗಿಲ್ಲೇನು ನಿಮಗ?"

ಕಿವಿ ಚೆನ್ನಾಗಿದ್ದ ಮೂವರೂ ತಲೆ ತಗ್ಗಿಸಿದರು.

ಹಾಡು ಮುಗಿಯಿತು. ಚಪ್ಪಾಳೆ. ಆಮೇಲೆ ಸರಸರ ಸದ್ದು. ಗುರುಲಿಂಗವ್ವ ಕಣ್ಣೊರೆಸಿಕೊಂಡು, ಮುಗೀತೇನು ಎನ್ನುವಂತೆ ನೋಡಿದಳು. ಚಕ್ರ ತಿರುಗುತ್ತಲೇ ಇತ್ತು.

"ಗುರುಲಿಂಗೀ" ಎಂದಿತು ಮಶೀನು.

ಅದೇ ದನಿ. ಆದರೆ ವಯಸ್ಸಾಗಿತ್ತು, ಒರಟಾಗಿತ್ತು. ಅಚ್ಚ ಇಳಕಲ್ಲಿನ ಕನ್ನಡ.

"ಗುರುಲಿಂಗೀ, ಇವತ್ತಿಗೆ ನಿನಗ ಹತ್ತು ತುಂಬಿದುವು. ಈ ಡಬ್ಬಿ ಮುಂದ ಕುಂತು ಒಬ್ಬಾಕಿನ ಮಾತಾಡಾಕ ನಗು ಬರತೈತಿ ನೋಡು ನನಗ. ಹಾಡಾಕಾದ್ರ ಎಂದೂ ನಾಚಿಲ್ಲ."

ಗುರುಲಿಂಗವ್ವ ಬೆರಳು ಮಡಚಿದಳು. ಮೂರು. ಹತ್ತು. ಮತ್ತೆ ಮಡಚಿದಳು. "ಹತ್ತಂತಾಳ" ಎಂದಳು. "ನಾ ಮೂರು ವರ್ಷದಾಕಿ ಇದ್ದಾಗ ಸತ್ತಾಳಲ್ರಿ ಆಕಿ? ಮಾವಾ, ಹತ್ತಂತಾಳಲ್ಲೋ?"

ಹುಲ್ಲಪ್ಪ ಕುಣಿಯಿಂದ ಮೇಲೆ ಬಂದಿದ್ದ. ಗೋಡೆ ಹಿಡಿದು ನಿಂತಿದ್ದ. "ಕೇಳು" ಎಂದ. "ಪೂರಾ ಕೇಳು. ನಾ ಹೊರಗ ಹೋಗಿ ಬರ್ತೇನಿ."

ಆಕೆಗೆ ಅದು ಕೇಳಿಸಿತೋ ಇಲ್ಲವೋ. ಮುದುಕ ಹೊಸ್ತಿಲು ದಾಟಿದ. ಅಮಾತೆಪ್ಪ ನೋಡಿದ, ಏಳಲು ಹೋದ, ಮೊಣಕಾಲು ಬಿಡಲಿಲ್ಲ. ಪಾಪ, ಅಳಲಿ, ಅತ್ತು ಬರಲಿ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಮುಂದೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡ.

"ನಾ ಸತ್ತೇನಿ ಅಂತ ನಿಮ್ಮ ಮಾವ ನಿನಗ ಹೇಳ್ಯಾನಂತ" ಎನ್ನುತ್ತಿತ್ತು ದನಿ. "ಅವನ ಮ್ಯಾಲೆ ಸಿಟ್ಟಾಗಬ್ಯಾಡ. ನಾನ ಹೂಂ ಅಂದೇನಿ. ಹೋಟೆಲಿನ್ಯಾಗ ಹಾಡಾಕಿ ಮಗಳನ್ನ ಯಾರು ತಗೊಂತಾರ ಅಂದ. ಖರೆ ಐತಿ. ಎರಡ ಸಲ ಓಣಿ ತನಕ ಬಂದು ತಿರುಗಿ ಹೋಗೇನಿ. ಒಮ್ಮೆ ನೀ ನೀರು ತರಾಕತ್ತಿದ್ದಿ. ಕೊಡಾ ನಿನಗಿಂತ ದೊಡ್ಡದಿತ್ತು."

ಗುರುಲಿಂಗವ್ವ ಅಳಲಿಲ್ಲ. ಉಸಿರಾಡಿದರೆ ಒಂದು ಮಾತು ತಪ್ಪೀತು ಎನ್ನುವಂತೆ ಕುಳಿತಿದ್ದಳು.

"ಈಗ ನಾ ಇರೂ ಊರು ನಿಮ್ಮ ಮಾವಗ ಅಷ್ಟ ಹೇಳೇನಿ. ಇಲ್ಲಿಂದ ಎಲ್ಲೂ ಹೋಗಂಗಿಲ್ಲ ನಾ. ಹಾಡೂದೂ ಬಿಟ್ಟೇನಿ. ನೀ ದೊಡ್ಡಾಕಿ ಆಗು, ಲಗ್ನ ಆಗ್ಲಿ, ಆಮ್ಯಾಲೆ ಅವನ್ನ ಕೇಳು. ನಿಮ್ಮವ್ವ ಎಲ್ಲಿ ಅದಾಳ ಅಂತ ಕೇಳು. ಹೇಳ್ತೇನಿ ಅಂತ ಆಣಿ ಮಾಡ್ಯಾನ."

ಕೆಂಪು ಪಟ್ಟಿ ಬಂತು. ಟೇಪು ಮುಗಿದು ತುದಿ ಪಟಪಟ ಬಡಿಯತೊಡಗಿತು. ಜಾಫರಸಾಬನಿಗೆ ಗುಂಡಿ ಒತ್ತುವುದೂ ನೆನಪಾಗಲಿಲ್ಲ.

ಗುರುಲಿಂಗವ್ವ ಎದ್ದಳು. "ಮಾವಾ" ಎಂದು ಕರೆದಳು. ಹಿತ್ತಲಿಗೆ ಹೋಗಿ ಕರೆದಳು. ಬಂದು ಬಾಗಿಲಲ್ಲಿ ನಿಂತು ಓಣಿಯ ಎರಡೂ ಕಡೆ ಕರೆದಳು.

"ಆಕಿಗೆ ಈಗ ಎಷ್ಟ ವರ್ಷ ಆಗ್ತಾವ್ರಿ?" ಎಂದು ಮಾಸ್ತರ ಪಿಸುಗುಟ್ಟಿದ.

"ತೊಂಬತ್ಮೂರು" ಎಂದ ಅಮಾತೆಪ್ಪ. "ಇದ್ರ."

ಮೊಣಕಾಲು ಎಳೆಯುತ್ತ ಹೊರಗೆ ಬಂದ. ಓಣಿಯ ತುದಿಯಲ್ಲಿ ಎಲೆ ಅಡಿಕೆ ಮಾರುವವಳು, ಹುಲ್ಲಪ್ಪಜ್ಜ ಟಂಟಂ ಆಟೊ ಹತ್ತಿ ಬಸ್‌ಸ್ಟ್ಯಾಂಡ್ ಕಡೆ ಹೋದ ಎಂದಳು. ಮಾಸ್ತರ ಕಾರು ತೆಗೆದ. ಬಸ್‌ಸ್ಟ್ಯಾಂಡಿನಲ್ಲಿ ಆ ಹೊತ್ತಿನೊಳಗೆ ನಾಲ್ಕು ಬಸ್ಸು ಬಿಟ್ಟಿದ್ದವು, ನಾಲ್ಕೂ ನಾಲ್ಕು ದಿಕ್ಕಿಗೆ. ಕಂಟ್ರೋಲರನಿಗೆ ಒಬ್ಬ ಮುದುಕ ಬಂದು ಏನೋ ಕೇಳಿದ್ದು ನೆನಪಿತ್ತು. ಏನು ಕೇಳಿದ, ಯಾವ ಬಸ್ಸು ಹತ್ತಿದ ಎಂಬುದು ನೆನಪಿರಲಿಲ್ಲ. ಹನಮವ್ವ ಇದ್ದ ಊರಿನ ಹೆಸರು ಗೊತ್ತಿದ್ದವನು ಆ ಮುದುಕ ಒಬ್ಬನೇ.

ಕತ್ತಲಾಗುವವರೆಗೆ ಕಾದರು. ಗುರುಲಿಂಗವ್ವ ಎರಡು ರೊಟ್ಟಿ ಬಡಿದು ಮಾವನ ಊಟದ ಗಂಗಾಳದಲ್ಲಿಟ್ಟು ಮುಚ್ಚಿದಳು.

ಆ ದಿನ ಹುಲ್ಲಪ್ಪ ಬರಲಿಲ್ಲ. ಮರು ದಿನವೂ ಬರಲಿಲ್ಲ.